ಕೆರೆಯಂಚಿನ ಕೊಳದ ಬಕ: ತೆಂಗಿನ ಸೀಮೆಯ ರೈತರು ತಿಳಿಯಬೇಕಾದ ಸಂಗತಿಗಳು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಈ ಮೂರು ತಾಲ್ಲೂಕುಗಳಲ್ಲಿ ಕೆರೆಯಿಲ್ಲದ ಊರು ವಿರಳ. ಕೆರೆಯಿರುವ ಊರಿನಲ್ಲಿ ಏರಿಯ ಕೆಳಗೆ ತೆಂಗಿನ ತೋಟವೂ, ನೀರಿನ ಅಂಚಿನಲ್ಲಿ ಕೊಕ್ಕರೆಯೂ ಇದ್ದೇ ಇರುವುವು. ದಿನವೂ ಕಣ್ಣಿಗೆ ಬೀಳುವ ಈ ಹಕ್ಕಿಯನ್ನು ನಮ್ಮವರು ವಿಶೇಷವಾಗಿ ಗಮನಿಸುವುದಿಲ್ಲ. ಆದರೆ ಸರ್ಕೀಟಿನ ಕಾಲದಲ್ಲಿ ಊರಿನ ಯಜಮಾನರು ಈ ಬರಹಗಾರನನ್ನು ಪದೇ ಪದೇ ಕೇಳಿರುವ ಪ್ರಶ್ನೆಯೊಂದುಂಟು: “ಊರ ಮುಂದಿನ ಹುಣಿಸೆಮರದಲ್ಲಿ ಕೊಕ್ಕರೆಗಳು ಸೇರಿಕೊಂಡು ಹೊಲಸು ಮಾಡುತ್ತಿವೆ, ಮರವನ್ನು ಕಡಿಸಿಬಿಡಬಹುದೇ?” ಈ ಪ್ರಶ್ನೆಗೆ ಹೌದೆಂದಾಗಲಿ ಅಲ್ಲವೆಂದಾಗಲಿ ಒಂದೇ ಮಾತಿನಲ್ಲಿ ಉತ್ತರ ಹೇಳುವುದು ಸರಿಯಲ್ಲ. ಹಕ್ಕಿಯ ಗುರುತು, ಇರುವ ಸ್ಥಳ, ನಡವಳಿಕೆ, ಅದರಿಂದ ಆಗುವ ಲಾಭ ನಷ್ಟ ಇವುಗಳನ್ನು ತಿಳಿದ ಮೇಲೆ ರೈತರು ತಾವೇ ನಿರ್ಣಯಕ್ಕೆ ಬರಬಹುದಾದುದರಿಂದ ಆ ಸಂಗತಿಗಳನ್ನು ಇಲ್ಲಿ ಕ್ರಮವಾಗಿ ವಿವರಿಸಲಾಗಿದೆ.

1. ಹಕ್ಕಿಯ ಗುರುತು

ನಮ್ಮ ಜನರು ನೀರಿನ ಬಳಿ ನಿಲ್ಲುವ ಉದ್ದ ಕಾಲಿನ ಹಕ್ಕಿಗಳನ್ನೆಲ್ಲಾ ಕೊಕ್ಕರೆಯೆಂದೋ ಬೆಳ್ಳಕ್ಕಿಯೆಂದೋ ಕರೆಯುವುದು ವಾಡಿಕೆ. ಅವುಗಳಲ್ಲಿ ಅತಿ ಸಾಮಾನ್ಯವಾದುದು ಪುಸ್ತಕಗಳಲ್ಲಿ ಕೊಳದ ಬಕವೆಂದು ಹೆಸರಾದ ಹಕ್ಕಿ. 1832ರಲ್ಲಿ ದಖನ್ನಿನ ಪಕ್ಷಿಗಳನ್ನು ವಿವರಿಸಿದ ಸೈಕ್ಸ್ ಎಂಬ ಸೇನಾಧಿಕಾರಿಯು ಇದನ್ನು ಶಾಸ್ತ್ರಜ್ಞರ ಗಮನಕ್ಕೆ ತಂದನು. ಇದರ ಶಾಸ್ತ್ರೀಯ ನಾಮವು ಆರ್ಡಿಯೋಲಾ ಗ್ರೇಯಿ.

ಇದರ ಉದ್ದವು ಕೊಕ್ಕಿನ ತುದಿಯಿಂದ ಬಾಲದವರೆಗೆ ಸುಮಾರು 18 ಅಂಗುಲ. ಮೈ ಗಿಡ್ಡ, ಕತ್ತು ದಪ್ಪ, ಕೊಕ್ಕು ನೇರವಾಗಿ ಚೂಪಾಗಿರುವುದು. ಕುಳಿತಿರುವಾಗ ಮೈಯೆಲ್ಲಾ ಮಣ್ಣಿನ ಬಣ್ಣ. ತಲೆ, ಕತ್ತು, ಎದೆಗಳ ಮೇಲೆ ಕಂದು ಗೀರುಗಳು. ಕೆರೆಯ ಕೆಸರಿನಲ್ಲಿಯೂ ಒಣಗಿದ ಜೊಂಡಿನ ನಡುವೆಯೂ ನಿಂತರೆ ಹತ್ತು ಮಾರು ದೂರದಲ್ಲಿದ್ದರೂ ಕಾಣಿಸದು. ಮನುಷ್ಯನು ಹತ್ತಿರ ಬಂದರೂ ಬೇಗನೆ ಹಾರದೆ ಮೈ ಕುಗ್ಗಿಸಿ ಅಲುಗದೆ ನಿಲ್ಲುವುದು. ಇನ್ನೇನು ತುಳಿಯುವೆವೆಂಬಾಗ ಕರ್ಕಶವಾಗಿ ಕೂಗಿ ಮೇಲೇಳುವುದು. ಆಗ ಮಡಿಸಿದ್ದ ರೆಕ್ಕೆಗಳು ಬಿಚ್ಚಿಕೊಂಡು ಹಾಲಿನಂತೆ ಬೆಳ್ಳಗೆ ಹೊಳೆಯುವುವು. ಮಣ್ಣಿನ ಬಣ್ಣದ ಹಕ್ಕಿ ಕುಳಿತಿತು, ಬಿಳಿಯ ಹಕ್ಕಿ ಹಾರಿಹೋಯಿತು ಎಂದು ಹುಡುಗರು ಬೆರಗಾಗುವುದು ಈ ಕಾರಣದಿಂದಲೇ. ನೆಲಕ್ಕಿಳಿದು ರೆಕ್ಕೆ ಮಡಿಸಿದೊಡನೆ ಮತ್ತೆ ಮಣ್ಣಿನ ಬಣ್ಣ.

ಗೂಡು ಕಟ್ಟುವ ಕಾಲ ಬಂದಾಗ ಇದರ ವೇಷವೇ ಬದಲಾಗುವುದು. ಬೆನ್ನಿನ ಮೇಲೆ ಕುಂಕುಮಗಪ್ಪಿನ ನೀಳವಾದ ಗರಿಗಳು ಬೆಳೆಯುವುವು. ತಲೆಯೂ ಕತ್ತೂ ಹಳದಿಗಂದು ಬಣ್ಣಕ್ಕೆ ತಿರುಗುವುವು. ಹಿಂದಲೆಯಿಂದ ಬಿಳಿಯ ಜುಟ್ಟಿನ ಎಳೆಗಳು ಇಳಿಬೀಳುವುವು. ಕೊಕ್ಕಿನ ಬುಡವು ನೀಲಿಯಾಗುವುದು. ಇದನ್ನು ನೋಡಿ ಬೇರೆ ಸೀಮೆಯಿಂದ ಬಂದ ಹಕ್ಕಿಯೆಂದು ಭ್ರಮಿಸುವವರುಂಟು. ಹಕ್ಕಿ ಅದೇ, ಉಡುಪು ಮಾತ್ರ ಬೇರೆ. ಗಂಡಿಗೂ ಹೆಣ್ಣಿಗೂ ಬಣ್ಣದಲ್ಲಿ ಭೇದವಿಲ್ಲ.

2. ಹೋಲುವ ಇತರ ಹಕ್ಕಿಗಳು

ದನಗಳ ಹಿಂದೆಯೂ ನೇಗಿಲಿನ ಹಿಂದೆಯೂ ಗುಂಪಾಗಿ ನಡೆಯುವ ಅಚ್ಚ ಬಿಳಿಯ ಹಕ್ಕಿಯು ಗೋವಕ್ಕಿ. ಅದರ ಕೊಕ್ಕು ಹಳದಿ, ಗೂಡಿನ ಕಾಲದಲ್ಲಿ ತಲೆಯು ಕಿತ್ತಳೆ ಬಣ್ಣ. ಕೊಕ್ಕೂ ಕಾಲೂ ಕಪ್ಪಾಗಿದ್ದು ಪಾದ ಮಾತ್ರ ಹಳದಿಯಾಗಿರುವುದು ಚಿಕ್ಕ ಬೆಳ್ಳಕ್ಕಿ. ಮೂರಡಿ ಎತ್ತರಕ್ಕೆ ಬೂದುಬಣ್ಣದಲ್ಲಿ ಒಂಟಿಯಾಗಿ ನಿಲ್ಲುವುದು ಬೂದು ಬಕ. ಸಂಜೆ ಕತ್ತಲಾಗುವಾಗ “ವಾಕ್” ಎಂದು ಕೂಗುತ್ತಾ ಕೆರೆಯ ಕಡೆಗೆ ಹೋಗುವುದು ಇರುಳು ಬಕ. ಇವೆಲ್ಲವೂ ಹಾರುವಾಗ ಕತ್ತನ್ನು ಮಡಿಸಿ ಹೆಗಲ ನಡುವೆ ಅಡಗಿಸಿಕೊಳ್ಳುವುವು. ಬಣ್ಣದ ಕೊಕ್ಕರೆ ಮುಂತಾದ ನಿಜವಾದ ಕೊಕ್ಕರೆಗಳು ಕತ್ತನ್ನು ಮುಂದಕ್ಕೆ ಚಾಚಿ ಹಾರುವುವು. ದೂರದಿಂದಲೇ ಎರಡು ಜಾತಿಗಳನ್ನೂ ಬೇರ್ಪಡಿಸಲು ಈ ಒಂದು ಗುರುತು ಸಾಕು.

ಕಾರವಾರ, ಮಂಗಳೂರುಗಳ ಕಡೆಗೆ ಹೋಗಿಬರುವ ರೈತರು ಅಲ್ಲಿನ ಅಳಿವೆಗಳಲ್ಲಿಯೂ ಸಮುದ್ರದಂಡೆಯ ಬಂಡೆಗಳ ಮೇಲೆಯೂ ಕಪ್ಪುಬೂದು ಬಣ್ಣದ, ಗಂಟಲು ಮಾತ್ರ ಬಿಳುಪಾದ ಬಕವೊಂದನ್ನು ಕಂಡಿರಬಹುದು. ಅದು ಉಪ್ಪುನೀರಿನ ಕರಾವಳಿಯ ಬಕ. ಅದರಲ್ಲಿಯೇ ಪೂರ್ಣ ಬಿಳಿಯ ಬಣ್ಣದವೂ ಉಂಟು. ಅದರ ಬಾಳೆಲ್ಲಾ ಬಹುಮಟ್ಟಿಗೆ ಸಮುದ್ರದ ಅಂಚಿನಲ್ಲಿಯೇ ಕಳೆಯುವುದು. ಕೊಳದ ಬಕವಾದರೋ ಆ ಕರಾವಳಿಯ ಗದ್ದೆ, ಹಿನ್ನೀರುಗಳಲ್ಲಿಯೂ ಇರುವುದು, ಘಟ್ಟದ ಮೇಲಿನ ನಮ್ಮ ಮೈದಾನದ ಕೆರೆಕಟ್ಟೆಗಳಲ್ಲಿಯೂ ಇರುವುದು. ಇರಾನಿನ ದಕ್ಷಿಣ ಭಾಗದಿಂದ ಮೊದಲ್ಗೊಂಡು ಇಂಡಿಯಾ, ಸಿಂಹಳ, ಬರ್ಮಾಗಳವರೆಗೆ ಇದರ ವಾಸವುಂಟು.

3. ವಾಸಸ್ಥಳ

ಆಳವಾದ ನೀರು ಇದಕ್ಕೆ ಉಪಯೋಗವಿಲ್ಲ. ಕಾಲು ಮುಳುಗುವಷ್ಟು ನೀರು, ಕೆಸರು, ಸ್ವಲ್ಪ ಜೊಂಡು ಇಷ್ಟಿದ್ದರೆ ಸಾಕು. ಮಲ್ಲಾಘಟ್ಟ, ನೊಣವಿನಕೆರೆ, ತುರುವೇಕೆರೆಗಳಂತಹ ದೊಡ್ಡ ಕೆರೆಗಳಲ್ಲಿ ನಡುನೀರನ್ನು ಬಿಟ್ಟು ಹಿನ್ನೀರು ತೆಳುವಾಗಿ ಹರಡಿರುವ ಅಂಗಳದಲ್ಲಿ ಇದನ್ನು ಹುಡುಕಬೇಕು. ಸಣ್ಣ ಕಟ್ಟೆ, ತೂಬಿನ ಕಾಲುವೆ, ಗದ್ದೆಯ ಪಾತಿ, ತೋಟದ ಬಸಿಗಾಲುವೆ, ದನ ತೊಳೆಯುವ ಹೊಂಡ, ಕೊನೆಗೆ ಬಾವಿಯ ಕಟ್ಟೆಯ ಮೇಲೂ ಕಾಣಿಸುವುದು. ಕೆರೆ ಬತ್ತಿದ ವರ್ಷ ಹುಲ್ಲುಗಾವಲಿಗೂ ಹೊಲಕ್ಕೂ ಬಂದು ಮಿಡತೆಗಳನ್ನು ಹಿಡಿದು ಕಾಲ ಕಳೆಯುವುದು. ಹೀಗೆ ಎಲ್ಲಿಯೂ ಒಗ್ಗಿಕೊಳ್ಳುವ ಗುಣವಿರುವುದರಿಂದಲೇ ಇತರ ನೀರುಹಕ್ಕಿಗಳು ಕಡಿಮೆಯಾದ ಊರುಗಳಲ್ಲಿಯೂ ಇದು ಉಳಿದಿರುವುದು.

ಹಗಲು ಒಂಟಿಯಾಗಿ ಮೇಯುವ ಈ ಹಕ್ಕಿಗಳು ಸಂಜೆಯಾಗುತ್ತಲೇ ಒಂದೇ ಮರಕ್ಕೆ ಸೇರುವುವು. ಆಲ, ಅರಳಿ, ಹುಣಿಸೆಗಳ ದಟ್ಟವಾದ ಕೊಂಬೆಗಳು ಇವಕ್ಕೆ ಇಷ್ಟ. ತೋಟದಲ್ಲಿ ತೆಂಗಿನ ಗರಿಗಳ ಮೇಲೆ ರಾತ್ರಿ ಕಳೆಯುವುದೂ ಉಂಟು.

4. ಬೇಟೆಯ ಕ್ರಮ ಮತ್ತು ಆಹಾರ

ಬಕಧ್ಯಾನವೆಂಬ ಮಾತು ನಮ್ಮಲ್ಲಿ ಕಪಟ ಭಕ್ತಿಗೆ ಹೆಸರಾಗಿದೆ. ಪಂಚತಂತ್ರದ ಕಥೆಯಲ್ಲಿ ಮೀನುಗಳನ್ನು ವಂಚಿಸಿ ಕೊನೆಗೆ ಏಡಿಯಿಂದ ಕತ್ತು ಕತ್ತರಿಸಿಕೊಂಡದ್ದೂ ಬಕವೇ. ಆದರೆ ರೈತನು ಈ ಹಕ್ಕಿಯ ನಿಲುವನ್ನು ಕಪಟವೆಂದು ತಿಳಿಯಬೇಕಾಗಿಲ್ಲ. ಶ್ರಮವನ್ನು ಉಳಿಸಿಕೊಳ್ಳುವ ಬೇಟೆಯ ರೀತಿಯೆಂದು ತಿಳಿದರೆ ಸಾಕು. ಕತ್ತನ್ನು ಮಡಿಸಿಕೊಂಡು ಕಾಲು ಗಂಟೆಯಾದರೂ ಕದಲದೆ ನಿಲ್ಲುವುದು. ಬೇಟೆ ಅಳತೆಗೆ ಬಂದಾಗ ಮಡಿಸಿದ ಕತ್ತು ಬಿಲ್ಲಿನಿಂದ ಬಿಟ್ಟ ಬಾಣದಂತೆ ಚಾಚಿಕೊಳ್ಳುವುದು. ಬಕಗಳ ಕತ್ತಿನ ಮೂಳೆಗಳ ಜೋಡಣೆಯೇ ಈ ಬಗೆಯ ಹೊಡೆತಕ್ಕೆ ತಕ್ಕುದಾಗಿರುವುದು. ಮೀನಿನ ಲೋಳೆ ಗರಿಗಂಟಿದರೆ ಅದನ್ನು ತೆಗೆಯುವುದಕ್ಕೂ ಸಾಧನಗಳುಂಟು: ಎದೆಯ ಮೇಲೆ ತಾನಾಗಿಯೇ ಪುಡಿಯಾಗಿ ಉದುರುವ ಗರಿಗಳಿವೆ, ನಡುಬೆರಳಿನ ಉಗುರಿನಲ್ಲಿ ಬಾಚಣಿಗೆಯಂತಹ ಹಲ್ಲುಗಳಿವೆ.

ಏಡಿ, ಸಿಗಡಿ, ನೀರಿನ ಹುಳುಗಳು, ಸಣ್ಣ ಮೀನು, ಗೊದಮೊಟ್ಟೆ, ಕಪ್ಪೆ, ಕೆಲವು ವೇಳೆ ಜಿಗಣೆ, ದಡದ ಮೇಲೆ ಮಿಡತೆ, ಚಿಮ್ಮಂಡೆ, ಏರೋಪ್ಲೇನ್ ಚಿಟ್ಟೆ ಇವು ಇದರ ಆಹಾರ. ಕಾಳನ್ನಾಗಲಿ ಕಾಯನ್ನಾಗಲಿ ಎಳೆಯ ಪೈರನ್ನಾಗಲಿ ಇದು ತಿನ್ನುವುದಿಲ್ಲ. ಭತ್ತದ ಗದ್ದೆಯಲ್ಲಿ ಕೊಕ್ಕರೆ ನಿಂತಿದ್ದರೆ ಅದು ಭತ್ತಕ್ಕಾಗಿ ಬಂದುದಲ್ಲವೆಂಬುದನ್ನು ರೈತರು ಚೆನ್ನಾಗಿ ಮನಗಾಣಬೇಕು.

5. ಗೂಡು, ಮೊಟ್ಟೆ, ಮರಿ

ಗೂಡು ಕಟ್ಟುವ ಕಾಲವು ಮಳೆಯನ್ನೂ ಕೆರೆಯ ನೀರನ್ನೂ ಅನುಸರಿಸುವುದು. ಆದುದರಿಂದ ವರ್ಷದಿಂದ ವರ್ಷಕ್ಕೂ ಸೀಮೆಯಿಂದ ಸೀಮೆಗೂ ವ್ಯತ್ಯಾಸವುಂಟು. ಮರಿಗಳಿಗೆ ಆಹಾರ ಹೇರಳವಾಗಿ ಸಿಕ್ಕುವ ಕಾಲವೇ ಇವಕ್ಕೆ ಸುಮುಹೂರ್ತ. ಅನೇಕ ಜೋಡಿಗಳು ಒಂದೇ ಮರದಲ್ಲಿ, ಹಲವೊಮ್ಮೆ ಬೆಳ್ಳಕ್ಕಿ ಮತ್ತು ಇರುಳು ಬಕಗಳ ಜೊತೆಯಲ್ಲಿ, ಕಡ್ಡಿಗಳನ್ನು ಒಡ್ಡೊಡ್ಡಾಗಿ ಹೆಣೆದು ಅಟ್ಟಣೆಯಂತಹ ಗೂಡು ಮಾಡುವುವು. ಮೂರರಿಂದ ಐದು ಮೊಟ್ಟೆಗಳು. ಬಣ್ಣ ತೆಳುವಾದ ಹಸುರು ನೀಲಿ. ಸುಮಾರು ಮೂರು ವಾರಗಳ ಕಾಲ ಗಂಡೂ ಹೆಣ್ಣೂ ಸರದಿಯ ಮೇಲೆ ಕಾವು ಕೊಡುವುವು. ಮರಿಗಳನ್ನು ಸಾಕುವುದರಲ್ಲಿಯೂ ಎರಡೂ ಪಾಲುಗೊಳ್ಳುವುವು. ಎಲ್ಲ ಜೋಡಿಗಳೂ ಒಂದೇ ದಿನ ಪ್ರಾರಂಭಿಸುವುದಿಲ್ಲ. ಆದುದರಿಂದ ಮೊದಲ ಗೂಡು ಕಂಡಂದಿನಿಂದ ಕೊನೆಯ ಮರಿ ಹಾರುವವರೆಗೆ ಕೆಲವು ತಿಂಗಳುಗಳು ಹಿಡಿಯುವುವು. ರೈತರಿಗೆ ತೊಂದರೆಯಾಗುವುದು ಈ ತಿಂಗಳುಗಳಲ್ಲಿಯೇ. ಹಕ್ಕಿಗೂ ಅಪಾಯವಾಗುವುದು ಇದೇ ತಿಂಗಳುಗಳಲ್ಲಿ.

6. ಲಾಭ ನಷ್ಟಗಳ ಲೆಕ್ಕ

ಮೊದಲು ನಷ್ಟದ ಬಾಬು. ಮರದ ಕೆಳಗೆ ಕಣವಿದ್ದರೆ ರಾಗಿಯ ತೆನೆ ಕೊಳೆಯಾಗುವುದು; ಬಾವಿಯಿದ್ದರೆ ನೀರು ಕೆಡುವುದು; ಮನೆಯಿದ್ದರೆ ದುರ್ವಾಸನೆ ತಪ್ಪದು. ಗೂಡಿನಿಂದ ಜಾರಿದ ಮೀನು ಕೊಳೆತು ನೊಣಗಳನ್ನು ಕರೆಯುವುದು. ಹಸಿಯ ಹಿಕ್ಕೆ ಎಡೆಬಿಡದೆ ಬಿದ್ದರೆ ಕೆಳಗಿನ ಗಿಡಗಳ ಎಲೆ ಸುಡುವುದು. ಮೀನು ಮರಿಗಳನ್ನು ಸಾಕುವ ತೊಟ್ಟಿಯ ಬಳಿ ಕೊಕ್ಕರೆಗಳು ಸೇರಿದರೆ ಮರಿಗಳ ಸಂಖ್ಯೆ ಇಳಿಯುವುದು. ಇವುಗಳನ್ನು ಇಲ್ಲವೆನ್ನಲಾಗದು.

ಲಾಭದ ಬಾಬನ್ನೂ ಹೆಚ್ಚಿಸಿ ಹೇಳಬಾರದು. ತೆಂಗಿನ ಸುಳಿ ಕೊರೆಯುವ ದುಂಬಿ, ಕಾಂಡದೊಳಗಿನ ಕೆಂಪುಮೂತಿ ಹುಳು, ಗರಿ ತಿನ್ನುವ ಕಪ್ಪುತಲೆ ಹುಳು, ಕಾಯಿಯ ನುಸಿ ಇವು ಯಾವುದಕ್ಕೂ ಈ ಹಕ್ಕಿ ಮದ್ದಲ್ಲ. ಇದರ ಕೆಲಸವೆಲ್ಲಾ ನೆಲದ ಮೇಲೆ, ನೀರಿನ ಅಂಚಿನಲ್ಲಿ. ಅಲ್ಲಿ ಮಿಡತೆ, ಚಿಮ್ಮಂಡೆಗಳನ್ನು ತಿನ್ನುವುದು ನೇರವಾದ ಉಪಕಾರ. ಗದ್ದೆಯ ಬದುವನ್ನೂ ಕಾಲುವೆಯ ದಂಡೆಯನ್ನೂ ತೂತು ಮಾಡಿ ನೀರು ಸೋರಿಸುವ ಏಡಿಗಳನ್ನು ಹಿಡಿಯುವುದು ಇನ್ನೊಂದು. ಕಪ್ಪೆಯೂ ಹುಳುಗಳನ್ನು ತಿನ್ನುವ ಪ್ರಾಣಿಯಾದುದರಿಂದ, ಕಪ್ಪೆಯನ್ನು ತಿಂದಷ್ಟನ್ನು ಈ ಲೆಕ್ಕದಿಂದ ಕಳೆಯಬೇಕಾಗುವುದು. ಉಳಿಯುವ ದೊಡ್ಡ ಲಾಭವೆಂದರೆ ಗೊಬ್ಬರ. ಕೆರೆಯಲ್ಲಿ ಚೆದರಿಹೋಗಿರುವ ಸಾರವನ್ನು ಹೆಕ್ಕಿ ತಂದು ಕೂಲಿಯಿಲ್ಲದೆ ಒಂದೇ ಮರದ ಕೆಳಗೆ ರಾಶಿ ಹಾಕುವ ಕೆಲಸವನ್ನು ಈ ಹಕ್ಕಿಗಳು ಮಾಡುತ್ತವೆ. ಅದನ್ನು ಹೊಲಸೆಂದು ಗುಡಿಸಿ ಎಸೆಯುವ ಊರಿಗೆ ನಷ್ಟದ ಬಾಬು ಮಾತ್ರ ಉಳಿಯುವುದು.

7. ಮರ ಕಡಿಯುವುದರ ಪರಿಣಾಮ

ಈ ಬರಹಗಾರನು ಕೆಲಸಕ್ಕೆ ಸೇರಿದ ಹೊಸತರಲ್ಲಿ ತುರುವೇಕೆರೆಯ ಕಡೆಯ ಒಂದು ಊರಿನಲ್ಲಿ ನಡೆದ ಸಂಗತಿಯನ್ನು ಇಲ್ಲಿ ಮರೆಮಾಚದೆ ಹೇಳುವುದು ಯುಕ್ತ. ಊರ ಬಾವಿಯ ಮೇಲೆ ಬಾಗಿದ್ದ ಹುಣಿಸೆಮರದ ವಿಷಯದಲ್ಲಿ ಹಿರಿಯರು ಸಲಹೆ ಕೇಳಿದರು. ಮರವನ್ನು ಕಡಿಯಬೇಡಿ, ಬಾವಿಯ ಕಡೆಯ ಕೊಂಬೆಗಳನ್ನು ಮಾತ್ರ ಸವರಿಸಿರಿ ಎಂದು ಹೇಳಿದೆನು. ಯಾವ ತಿಂಗಳಲ್ಲಿ ಸವರಬೇಕೆಂಬುದನ್ನು ಹೇಳಲಿಲ್ಲ. ಮೇಲಕ್ಕೆ ಕತ್ತೆತ್ತಿ ಗೂಡುಗಳನ್ನು ನೋಡಲೂ ಇಲ್ಲ. ಮರುದಿನ ಬೆಳಿಗ್ಗೆ ಕೊಂಬೆಗಳು ಬಿದ್ದವು. ಗರಿ ಬಲಿಯದ ಮರಿಗಳು ಬಾವಿಯ ಕಟ್ಟೆಯ ಸುತ್ತಲೂ ಚೆಲ್ಲಿದ್ದವು. ಕೆಲವು ಬಾವಿಯೊಳಕ್ಕೇ ಬಿದ್ದವು. ಉಳಿದುವನ್ನು ಮಧ್ಯಾಹ್ನದೊಳಗೆ ನಾಯಿಗಳು ಮುಗಿಸಿದುವು. ಮೇಲೆ ಸುತ್ತುತ್ತಿದ್ದ ಹಕ್ಕಿಗಳ ಕೂಗು ಸಂಜೆಯವರೆಗೆ ನಿಲ್ಲಲಿಲ್ಲ. ಶುದ್ಧಿಗಾಗಿ ಮಾಡಿದ ಕೆಲಸದಿಂದಲೇ ಬಾವಿಯ ನೀರನ್ನು ಎರಡು ಸಲ ಮೊಗೆಸಬೇಕಾಯಿತು. ಊರಿನ ಒಬ್ಬ ಅಜ್ಜಿ, “ಹಸಿ ಬಾಣಂತಿಯ ಮನೆ ಕೆಡವಿದ ಹಾಗಾಯ್ತಲ್ಲ ಸ್ವಾಮಿ” ಎಂದರು. ಅದಕ್ಕೆ ಹೇಳುವ ಉತ್ತರ ನನ್ನಲ್ಲಿರಲಿಲ್ಲ. ಮುಂದಿನ ವರ್ಷ ಕೆರೆ ತುಂಬಿದರೂ ಆ ಮರಕ್ಕೆ ಹಕ್ಕಿಗಳು ಬರಲಿಲ್ಲ.

ಕೊಂಬೆ ಸವರುವುದು ತಪ್ಪಲ್ಲ, ಸವರಿದ ಕಾಲ ತಪ್ಪು. ಗೂಡುಗಳು ಬರಿದಾದ ಮೇಲೆ ಅದೇ ಕೆಲಸವನ್ನು ಮಾಡಿದ್ದರೆ ಬಾವಿಯೂ ಉಳಿಯುತ್ತಿತ್ತು, ಮರಿಗಳೂ ಉಳಿಯುತ್ತಿದ್ದುವು. ಇದಲ್ಲದೆ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಈ ಹಕ್ಕಿಗಳನ್ನು ಕೊಲ್ಲುವುದೂ ಹಿಡಿಯುವುದೂ ಮೊಟ್ಟೆ ಮತ್ತು ಗೂಡುಗಳನ್ನು ಹಾಳುಮಾಡುವುದೂ ಅಪರಾಧವೆಂಬುದನ್ನು ಊರಿನ ಪ್ರಮುಖರು ಎಲ್ಲರಿಗೂ ತಿಳಿಸಬೇಕು.

8. ಹಕ್ಕಿಗಳೊಡನೆ ಬಾಳಿದ ಊರುಗಳು

ನಮ್ಮ ಜಿಲ್ಲೆಯಲ್ಲಿಯೇ ಶಿರಾ ತಾಲ್ಲೂಕಿನ ಕಗ್ಗಲಡು ಗ್ರಾಮವಿದೆ. ಅಲ್ಲಿ ಊರೊಳಗಿನ ಹುಣಿಸೆಮರಗಳಲ್ಲಿ ಬಣ್ಣದ ಕೊಕ್ಕರೆಗಳೂ ಬೂದು ಬಕಗಳೂ ಗೂಡು ಕಟ್ಟುತ್ತವೆ. 1999ರಲ್ಲಿ ತುಮಕೂರಿನ ಪಕ್ಷಿವೀಕ್ಷಕರಿಂದ ಹೊರಗಿನವರಿಗೆ ಇದರ ಸುದ್ದಿ ತಿಳಿಯಿತು. ಊರಿನವರು ಅದಕ್ಕೆ ಮೊದಲೇ ಅವುಗಳನ್ನು ಕಾಪಾಡಿಕೊಂಡು ಬರುತ್ತಿದ್ದರು.

ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ಇನ್ನೂ ಪ್ರಸಿದ್ಧವಾದುದು. 1976ರಲ್ಲಿ ಅರಣ್ಯಾಧಿಕಾರಿಗಳಾದ ಎಸ್. ಜಿ. ನೇಗಿನಹಾಳರು ಅಲ್ಲಿನ ಹೆಜ್ಜಾರ್ಲೆಗಳ ಮತ್ತು ಬಣ್ಣದ ಕೊಕ್ಕರೆಗಳ ಗೂಡುಗಳನ್ನು ನಾಡಿನ ಗಮನಕ್ಕೆ ತಂದರು. ಹಕ್ಕಿಗಳಿಗಾಗಿ ಹುಣಿಸೆಯ ಫಲವನ್ನು ಬಿಟ್ಟುಕೊಡುವ ಮರದ ಒಡೆಯರಿಗೆ ಅರಣ್ಯ ಇಲಾಖೆಯು ಪರಿಹಾರ ಧನ ಕೊಡುವ ಏರ್ಪಾಡಾಯಿತು. 2007ರಲ್ಲಿ ಅದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ನಮ್ಮ ರೈತರು ಅಲ್ಲಿಂದ ಕಲಿಯಬೇಕಾದುದು ಗೊಬ್ಬರದ ವಿಷಯ. ಆ ಊರಿನವರು ಗೂಡಿನ ಮರಗಳ ಕೆಳಗೆ ಗುಂಡಿ ತೋಡಿ, ಬಿದ್ದ ಹಿಕ್ಕೆಗೆ ಕೆರೆಯ ಮತ್ತು ಹೊಳೆಯ ಮಣ್ಣನ್ನು ಬೆರೆಸಿ ಗೊಬ್ಬರ ಮಾಡಿಕೊಂಡಿದ್ದಾರೆ. ಕಗ್ಗಲಡು, ಬೆಳ್ಳೂರುಗಳ ಹಕ್ಕಿಗಳು ಕೊಳದ ಬಕಕ್ಕಿಂತ ಬಹಳ ದೊಡ್ಡವು. ಅವುಗಳ ಉಪದ್ರವವೂ ಅದಕ್ಕೆ ತಕ್ಕಂತೆ ದೊಡ್ಡದು. ಅಷ್ಟನ್ನು ಆ ಊರಿನವರು ಸಹಿಸಿಕೊಂಡಿರುವಲ್ಲಿ ನಮ್ಮ ಊರುಗಳು ಇಷ್ಟನ್ನು ಸಹಿಸಿಕೊಳ್ಳುವುದು ಕಷ್ಟವಲ್ಲ.

9. ಹಿಕ್ಕೆಯಿಂದ ಗೊಬ್ಬರ ಮಾಡುವ ಕ್ರಮ

ಮರದ ಹೊರಗೊಂಬೆಗಳ ಕೆಳಗೆ, ಬುಡದ ಬೇರುಗಳನ್ನು ಕಡಿಯದಂತೆ, ಮೊಳದಾಳದ ಗುಂಡಿಗಳನ್ನು ತೋಡಿ ತಳಕ್ಕೆ ಒಣಗಿದ ಕೆರೆಗೋಡನ್ನು ನಾಲ್ಕು ಬೆರಳು ದಪ್ಪ ಹರಡಬೇಕು. ವಾರಕ್ಕೊಮ್ಮೆ ಸುತ್ತಲಿನ ಹಿಕ್ಕೆಯನ್ನೂ ತರಗೆಲೆಯನ್ನೂ ಗುಂಡಿಗೆ ಗುಡಿಸಿ ಮೇಲೆ ತೆಳುವಾಗಿ ಕೆರೆಗೋಡು ಮುಚ್ಚಬೇಕು. ಇದರಿಂದ ಮೂರು ಪ್ರಯೋಜನಗಳುಂಟು: ದುರ್ವಾಸನೆ ಅಡಗುವುದು, ನೊಣ ಕಡಿಮೆಯಾಗುವುದು, ಗಾಳಿಗೆ ಹೋಗುವ ಸಾರಜನಕವು ಜೇಡಿಮಣ್ಣಿನಲ್ಲಿ ನಿಲ್ಲುವುದು. ಮಳೆಯ ನೀರು ಗುಂಡಿಗೆ ನುಗ್ಗದಂತೆ ಸುತ್ತಲೂ ಸಣ್ಣ ಏರಿ ಹಾಕಬೇಕು. ಹಕ್ಕಿಗಳು ಹೋದ ಮೇಲೆ ಎರಡು ಮೂರು ತಿಂಗಳು ಕಳಿಯಲು ಬಿಟ್ಟು ಅನಂತರ ತೆಗೆಯಬೇಕು. ಈ ಕೆಲಸ ಮಾಡುವವರು ಮೂಗು ಬಾಯಿಗಳಿಗೆ ಬಟ್ಟೆ ಕಟ್ಟಿಕೊಂಡು, ಮುಗಿದ ಮೇಲೆ ಕೈಕಾಲುಗಳನ್ನು ಸಾಬೂನಿನಿಂದ ತೊಳೆದುಕೊಳ್ಳುವುದು ಅವಶ್ಯ.

ತೆಂಗಿನ ಮರದ ಬುಡದಿಂದ ಆರಡಿಯವರೆಗಿನ ಪಾತಿಯಲ್ಲಿ, ನೆಲ ಹಸಿಯಾಗಿರುವಾಗ ಇದನ್ನು ಹರಡಿ ಮಣ್ಣಿನಲ್ಲಿ ಬೆರೆಸಬೇಕು. ಫಲಕ್ಕೆ ಬಂದ ಮರಕ್ಕೆ ವರ್ಷಕ್ಕೆ 50 ಕಿಲೋ ಕೊಟ್ಟಿಗೆ ಗೊಬ್ಬರ ಹಾಕಬೇಕೆಂಬುದು ಸಾಮಾನ್ಯವಾದ ಶಿಫಾರಸು. ಹಕ್ಕಿಯ ಗೊಬ್ಬರವನ್ನು ಅದಕ್ಕೆ ಬದಲಾಗಿ ಎಣಿಸದೆ ಅದರೊಡನೆ ಸ್ವಲ್ಪವಾಗಿ ಸೇರಿಸಬೇಕು. ಇದರಲ್ಲಿ ಸಾರಜನಕವೂ ರಂಜಕವೂ ಚೆನ್ನಾಗಿವೆ. ತೆಂಗು ಹೆಚ್ಚಾಗಿ ಬೇಡುವ ಪೊಟ್ಯಾಷ್ ಮಾತ್ರ ಸಾಲದು. ಅದಕ್ಕಾಗಿ ಒಲೆಯ ಬೂದಿಯನ್ನು ಹಾಕುವವರು ಒಂದು ಎಚ್ಚರಿಕೆ ವಹಿಸಬೇಕು. ಬೂದಿಯನ್ನು ಹಿಕ್ಕೆಯೊಡನೆ ಎಂದಿಗೂ ಬೆರೆಸಬಾರದು. ಬೆರೆಸಿದರೆ ಸಾರಜನಕವು ಘಾಟಾಗಿ ಹಾರಿಹೋಗುವುದು. ಎರಡನ್ನೂ ಬೇರೆ ಬೇರೆ ಕಾಲದಲ್ಲಿ ಹಾಕುವುದು ಉತ್ತಮ.

10. ಊರಿನವರು ಅನುಸರಿಸತಕ್ಕ ಕ್ರಮಗಳು

(1) ಗೂಡುಗಳಿರುವಾಗ ಮರವನ್ನಾಗಲಿ ಕೊಂಬೆಯನ್ನಾಗಲಿ ಮುಟ್ಟಬಾರದು. ಸವರಲೇಬೇಕಾದರೆ ಕೊನೆಯ ಮರಿ ಹಾರಿದ ಮೇಲೆ, ಗೂಡುಗಳನ್ನು ನೋಡಿ, ಬೇಕಾದಷ್ಟನ್ನು ಮಾತ್ರ ಸವರಬೇಕು.

(2) ಮರದ ಕೆಳಗಿನ ಬಾವಿಗೆ ತಂತಿಯ ಬಲೆ ಹಾಕಿ ಅದರ ಮೇಲೆ ತೆಂಗಿನ ಗರಿ ಹೊದಿಸಬೇಕು. ಕಣವನ್ನು ಆ ವರ್ಷದ ಮಟ್ಟಿಗೆ ಬೇರೆ ಕಡೆಗೆ ಸಾಗಿಸಿಕೊಳ್ಳಬೇಕು.

(3) ಮೀನುಮರಿಗಳ ತೊಟ್ಟಿಗೆ ಬಲೆ ಹೊದಿಸಬೇಕು. ದೊಡ್ಡ ಕೆರೆಯಲ್ಲಿ ಈ ಹಕ್ಕಿಯು ಅಂಚಿನ ಸಣ್ಣ ಮೀನುಗಳನ್ನು ಮಾತ್ರ ಮುಟ್ಟಬಲ್ಲುದು.

(4) ಕೀಟನಾಶಕಗಳ ಡಬ್ಬಗಳನ್ನೂ ಸಿಂಪಡಿಸುವ ಯಂತ್ರಗಳನ್ನೂ ಕೆರೆ ಕಾಲುವೆಗಳಲ್ಲಿ ತೊಳೆಯಬಾರದು. ಆ ವಿಷವು ಹುಳುವಿನಿಂದ ಮೀನಿಗೂ, ಮೀನಿನಿಂದ ಹಕ್ಕಿಗೂ ಮನುಷ್ಯನಿಗೂ ಸೇರುವುದು.

(5) ಕೆರೆಯ ಹೂಳು ತೆಗೆಯುವಾಗ ಅಂಗಳವನ್ನೆಲ್ಲಾ ಕಡಿದಾದ ಗುಂಡಿಗಳನ್ನಾಗಿ ಮಾಡದೆ, ಹಿನ್ನೀರಿನ ಕಡೆ ಇಳಿಜಾರಾದ ತೆಳುನೀರಿನ ಅಂಚನ್ನು ಉಳಿಸಬೇಕು. ದನಗಳು ನೀರಿಗಿಳಿಯುವುದಕ್ಕೂ ಇದೇ ಕ್ಷೇಮ.

(6) ಹಿಕ್ಕೆ ಗೊಬ್ಬರವು ಯಾರಿಗೆ ಸೇರತಕ್ಕದ್ದೆಂಬುದನ್ನು ಮೊದಲೇ ಗೊತ್ತುಮಾಡಬೇಕು. ಮರವು ಖಾಸಗಿಯಾದರೆ ಒಡೆಯನಿಗೆ, ಊರೊಟ್ಟಿನದಾದರೆ ಗುಡಿಸಿ ಗುಂಡಿ ತುಂಬಿದವರಿಗೆ ಒಂದು ಪಾಲು, ಉಳಿದದ್ದು ಊರಿಗೆ ಎಂಬ ಏರ್ಪಾಡು ಜಗಳಕ್ಕೆ ಎಡೆಗೊಡದು.

ಈ ಹಕ್ಕಿಯು ಯಾವ ಊರಿನ ಮರದಲ್ಲಿ ಗೂಡು ಕಟ್ಟುವುದೋ ಆ ಊರಿನ ಸಮೀಪದಲ್ಲಿ ಮರಿಗಳನ್ನು ಸಾಕುವಷ್ಟು ನೀರೂ ಮೀನೂ ಹುಳುವೂ ಇವೆಯೆಂದು ತಿಳಿಯಬಹುದು. ಅಂತಹ ನೀರಿನ ಒಸರಿನಿಂದಲೇ ಏರಿಯ ಕೆಳಗಿನ ತೆಂಗು ಬದುಕುವುದು. ಕೆರೆಗಳು ಸಾಲುಸಾಲಾಗಿ ಬತ್ತಿದ ವರ್ಷಗಳಲ್ಲಿ ತೋಟಗಳಿಗೆ ಆದ ಹಾನಿಯನ್ನು ಈ ಮೂರು ತಾಲ್ಲೂಕುಗಳ ರೈತರು ಕಣ್ಣಾರೆ ಕಂಡವರು. ಆದುದರಿಂದ ಮರವನ್ನು ಕಡಿಸಬೇಕೆಂದು ಪಂಚಾಯಿತಿ ಸೇರುವ ಮೊದಲು ಯಜಮಾನರು ಒಂದು ಸಂಜೆ ಆ ಮರದ ಕೆಳಗೆ ನಿಂತು, ಎಷ್ಟು ಹಕ್ಕಿಗಳು ಯಾವ ಕೆರೆಯ ಕಡೆಯಿಂದ ಬರುತ್ತವೆ, ಗೂಡುಗಳಲ್ಲಿ ಮರಿಗಳಿವೆಯೇ, ಕೆಳಗೆ ಗುಂಡಿ ತೋಡಲು ಸ್ಥಳವುಂಟೇ ಎಂಬುದನ್ನು ನೋಡಿಕೊಂಡು ಬರಬೇಕೆಂದು ಕೋರಲಾಗಿದೆ. ಹಾಗೆ ನೋಡಿಬಂದವರ ಸಭೆಯಲ್ಲಿ ಕೊಡಲಿಯ ಮಾತಿಗಿಂತ ಗುದ್ದಲಿ ಮತ್ತು ಬಲೆಯ ಮಾತು ಹೆಚ್ಚಾಗಿ ನಡೆಯುವುದೆಂದು ಅನುಭವದಿಂದ ಹೇಳಬಹುದು.